ಟಿವಿ ಪಕ್ಕದ ಕಂಪ್ಯೂಟರ್: ಎನ್100 ಮತ್ತು 5600ಜಿ

ಟಿವಿಗೆ ಜೋಡಿಸುವ ಕಂಪ್ಯೂಟರ್‌ಗೆ ಯಾವ ಪ್ರೊಸೆಸರ್ ಎಂದರೆ, ನನ್ನ ಮತ ಇಂಟೆಲ್ ಎನ್100ಕ್ಕೆ. ಎಎಂಡಿಯ ರೈಸನ್ 5 5600ಜಿ ಅದಕ್ಕಿಂತ ಎಷ್ಟೋ ಬಲಶಾಲಿ, ಒಪ್ಪಿದೆ. ಎರಡನ್ನೂ ಒಂದೇ 4ಕೆ ಟಿವಿಗೆ ಜೋಡಿಸಿ ಬಳಸಿದ್ದೇನೆ. ಸಿನಿಮಾ ನೋಡುವವನಿಗೆ ಆ ಬಲದಿಂದ ಆಗಬೇಕಾದದ್ದೇನೂ ಇಲ್ಲ.

ತಕರಾರಿನ ಮೂಲ ಎವಿ1, ವಿಡಿಯೊವನ್ನು ಕುಗ್ಗಿಸಿಡುವ ಒಂದು ರೂಪ. ಯೂಟ್ಯೂಬ್ ಈಗ ಬಹಳಷ್ಟು ವಿಡಿಯೊಗಳನ್ನು ಈ ರೂಪದಲ್ಲೇ ಕಳುಹಿಸುತ್ತದೆ. 2021ರ 5600ಜಿಯ ಗ್ರಾಫಿಕ್ಸ್ ಭಾಗಕ್ಕೆ ಅದಕ್ಕೂ ಹಳೆಯ ರೂಪಗಳಾದ ಎಚ್.265, ವಿಪಿ9 ಗೊತ್ತು, ಎವಿ1 ಗೊತ್ತಿಲ್ಲ. ಹೊರೆಯೆಲ್ಲ ಆರು ಕೋರ್‌ಗಳ ಮೇಲೆ ಬೀಳುತ್ತದೆ. ಚಿತ್ರವೇನೋ ತಡೆಯಿಲ್ಲದೆ ಓಡುತ್ತದೆ, ಜೊತೆಗೆ ಫ್ಯಾನೂ ಓಡುತ್ತದೆ. ಒಂದೇ ಸಮನೆ ಸದ್ದು ಮಾಡಿದ್ದರೆ ಕಿವಿ ಒಗ್ಗಿಕೊಳ್ಳುತ್ತಿತ್ತು. ಇದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ರಾತ್ರಿ ಊಟ ಮುಗಿಸಿ ಯಕ್ಷಗಾನ ಹಾಕಿಕೊಂಡು ಕೂತರೆ, ಕರ್ಣ ದನಿ ತಗ್ಗಿಸಿ ಮಾತನಾಡುವ ಹೊತ್ತಿಗೇ ಗೊರ್ ಎನ್ನುತ್ತದೆ.

ಉಪಾಯಗಳಿವೆ. ಇನ್ನೂ ಹಳೆಯ ರೂಪವಾದ ಎಚ್.264ನ್ನೇ ಕೊಡು ಎಂದು ಒತ್ತಾಯಿಸುವ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ 1080ಪಿ ದಾಟುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಎವಿ1 ಅನ್ನೇ ಮುಚ್ಚಿದರೆ ವಿಪಿ9 ಬರುತ್ತದೆ, ಫ್ಯಾನ್ ತಣ್ಣಗಾಗುತ್ತದೆ. ಆದರೆ ಮನೆಯಲ್ಲಿ ಮತ್ತೊಬ್ಬರು ಬೇರೆ ಬ್ರೌಸರ್ ತೆರೆದರೆ ಮತ್ತೆ ಅದೇ ರಾಗ. ಡಿಸ್ಕ್‌ನಲ್ಲಿರುವ ಎವಿ1 ಕಡತಗಳಿಗಂತೂ ಈ ಮದ್ದು ನಾಟುವುದಿಲ್ಲ.

2023ರ ಎನ್100ರ ಗ್ರಾಫಿಕ್ಸ್ ಭಾಗ ಎವಿ1 ಅನ್ನು ತಾನೇ ಬಿಡಿಸುತ್ತದೆ. ಚಿಪ್‌ನ ನಿಗದಿತ ಶಕ್ತಿ 6 ವ್ಯಾಟ್, 5600ಜಿಯದು 65. ನಾನು ಆರಿಸಿಕೊಂಡ ಬೋರ್ಡ್‌ಗೆ ಫ್ಯಾನೇ ಇಲ್ಲ, ಬರೀ ಅಲ್ಯುಮಿನಿಯಂ ಹೀಟ್‌ಸಿಂಕ್. 19 ವೋಲ್ಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್ ಸಿಕ್ಕಿಸಿದರೆ ಮುಗಿಯಿತು, ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಖರ್ಚೂ ಉಳಿಯಿತು. ಕೊಳ್ಳುವ ಮುನ್ನ ಒಂದನ್ನು ನೋಡಿಕೊಳ್ಳಿ: ಎಚ್‌ಡಿಎಂಐ 4ಕೆಯಲ್ಲಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ, ಕೊಡಬೇಕು. ಕೆಲವು ಅಗ್ಗದ ಬೋರ್ಡ್‌ಗಳು 30ಕ್ಕೇ ನಿಲ್ಲುತ್ತವೆ, ಮೌಸ್ ಅಲುಗಾಡಿಸಿದರೇ ತಿಳಿಯುತ್ತದೆ.

ರ‍್ಯಾಮ್: ಎನ್100ಕ್ಕೆ ಒಂದು 8 ಜಿಬಿ ಸಾಕು. 5600ಜಿಗೆ ಜೋಡಿ ಹಾಕದಿದ್ದರೆ ಗ್ರಾಫಿಕ್ಸ್ ಸೊರಗುತ್ತದೆ.

ಆಟ: 5600ಜಿ. ಇಲ್ಲಿ ಸ್ಪರ್ಧೆಯೇ ಇಲ್ಲ.

ಒಟಿಟಿ: ನಾನು ಬಳಸುವುದು ಲಿನಕ್ಸ್. ಅದರ ಬ್ರೌಸರ್‌ಗಳಿಗೆ ನೆಟ್‌ಫ್ಲಿಕ್ಸ್ 4ಕೆ ಕೊಡುವುದಿಲ್ಲ, ಚಿಪ್ ಯಾವುದಾದರೇನು? ಅದಕ್ಕೆ ಟಿವಿಯೊಳಗಿನ ಆ್ಯಪ್ ಇದೆ.

ಫ್ಯಾನ್ ಹೋದ ಮೇಲೆ ಹಳೆಯ ಹಾರ್ಡ್ ಡಿಸ್ಕ್‌ನ ಕಟಕಟ ಕೇಳತೊಡಗಿತು. ಅದನ್ನು ಪಕ್ಕದ ಕೋಣೆಗೆ ಸಾಗಿಸಿ ಲ್ಯಾನ್ ತಂತಿ ಎಳೆದೆ. ಸಿನಿಮಾದ ಜೊತೆಗೆ ಆಟವೂ ಬೇಕು ಎನ್ನುವವರು 5600ಜಿಯನ್ನೇ ಕೊಳ್ಳಲಿ. ಆದರೆ ಅದರ ಜೊತೆ ಬರುವ ಕೂಲರ್ ಬಿಟ್ಟು, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನಿಗೆ ಬಜೆಟ್‌ನಲ್ಲಿ ಮೊದಲೇ ದುಡ್ಡು ತೆಗೆದಿಡಲಿ.