ಟೋಕಿಯೋಗೆ ಹೋಗೋಕೂ ಬರೋಕೂ ಒಂದೇ ಟೈಮ್ ತೋರ್ಸತ್ತೆ ಈ ಆಪು

ಎರಡು ಊರ ಹೆಸರು ಹಾಕಿದ್ರೆ ವಿಮಾನದ ದೂರ, ಟೈಮ್ ಎರಡೂ ತೋರ್ಸೋ ಆಪ್ ಇದು. ದೂರ ಪಕ್ಕಾ, ಟೈಮ್ ಮಾತ್ರ ನಂಬ್ಬೇಡಿ. ಮಗಳು ಟೋಕಿಯೋಲಿ ಕೆಲ್ಸಕ್ಕೆ ಸೇರಿದಾಗಿಂದ ನನ್ನ ಫೋನಲ್ಲಿದೆ. ಬೆಂಗಳೂರಿಂದ ಟೋಕಿಯೋದ ನರಿತಾ ಏರ್‌ಪೋರ್ಟ್‌ಗೆ ಸುಮಾರು 6,700 ಕಿ.ಮೀ. ಅನ್ನತ್ತೆ, ಸರಿ. ಟೈಮು ಹೋಗೋಕೂ ಒಂಬತ್ತು ಗಂಟೆ, ಬರೋಕೂ ಒಂಬತ್ತು ಗಂಟೆ! ನೇರ ಫ್ಲೈಟಿನ ಟಿಕೆಟ್ ನೋಡಿ, ಹೋಗೋಕೆ ಎಂಟು ಗಂಟೆ ಆಸುಪಾಸು, ಬರೋಕೆ ಹತ್ತರ ಹತ್ರ.

ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ ಅರ್ಧ ಗಂಟೆ ಸೇರ್ಸಿದ್ರೆ ಇವ್ರ ಉತ್ತರವೇ ಬರತ್ತೆ, ಅಂದ್ರೆ ಗಾಳಿ ಲೆಕ್ಕಕ್ಕೇ ಇಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸತ್ತೆ, ಚಳಿಗಾಲದಲ್ಲಿ ಜಪಾನ್ ಮೇಲೆ ಗಂಟೆಗೆ 300 ಕಿ.ಮೀ. ದಾಟೋದೂ ಉಂಟು, ಹೋಗ್ತಾ ಹಿಂದಿಂದ ತಳ್ಳತ್ತೆ ಬರ್ತಾ ಎದುರಿಗೆ ಬರತ್ತೆ. 1920ರ ದಶಕದಲ್ಲೇ ಜಪಾನಿನ ಓಯಿಶಿ ಅನ್ನೋ ವಿಜ್ಞಾನಿ ಬಲೂನ್ ಬಿಟ್ಟು ಈ ಗಾಳಿ ಅಳೆದಿದ್ರು, ಇವತ್ತಿನ ಆಪಲ್ಲಿ ಇಲ್ಲ ಅಂದ್ರೆ ಬೇಜಾರಾಗಲ್ವಾ?

ಒಂದು ಗಂಟೆ ತಾನೆ ಅನ್ಬೇಡಿ. ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರಲ್ಲಿ ಶುರುವಾದ ಮೇಲೆ ದುಬೈ ಕಡೆ ಹೋಗೋರು ಮಾಕುಟ್ಟ ಘಾಟಿ ಇಳಿದ್ರೆ ಆಯ್ತು, ಜಪಾನಿಗೆ ನಾವು ವಿರಾಜಪೇಟೆಯಿಂದ ದೇವನಹಳ್ಳಿ ತನಕ ಹೋಗ್ಲೇಬೇಕು, ಟ್ರಾಫಿಕ್ ಸಿಕ್ರೆ ಏಳೆಂಟು ಗಂಟೆ. ಕಾಫಿ ದುಡ್ಡು ಕೈಗೆ ಬಂದಾಗ ಟಿಕೆಟ್ ತೆಗೆಯೋ ಮುಂಚೆ ಮನೇಲಿ ನೋಡೋದು ಅದನ್ನೇ, ವಾಪಸ್ ಬರ್ತಾ ತಿತಿಮತಿ ಹತ್ರ ಕತ್ತಲಾಗತ್ತಾ, ಆನೆ ದಾರೀಲಿ ನಿಂತಿರತ್ತಾ ಅಂತ. ಫೀಡ್‌ಬ್ಯಾಕ್ ಬರೆದೆ, ಉತ್ತರ ಇಲ್ಲ.

ಆದ್ರೂ ತೆಗೆದು ಹಾಕೋಕೆ ಮನಸ್ಸು ಬರಲ್ಲ. ಮಳೆಗಾಲದಲ್ಲಿ ಕರೆಂಟು ನೆಟ್ ಎರಡೂ ಹೋದಾಗ್ಲೂ ಓಡತ್ತೆ. ರಾತ್ರಿ ಊಟ ಆದ್ಮೇಲೆ ನಮ್ಮತ್ತೆ ಕನ್ನಡಕ ಹಾಕ್ಕೊಂಡು "ಆ ಗೆರೆ ತೋರ್ಸು" ಅಂತಾರೆ, ಬೆಂಗಳೂರಿಂದ ಶುರು ಮಾಡಿ ಬಂಗಾಳಕೊಲ್ಲಿ, ಮ್ಯಾನ್ಮಾರ್, ಚೀನಾ ಮೇಲೆ ಬೆರಳು ಎಳೀತಾ ಹೋಗ್ತಾರೆ, ಬೆರಳು ತಾಗಿ ಮ್ಯಾಪ್ ಸರಿದ್ರೆ ಮತ್ತೆ ಮೊದಲಿಂದ. ಸೀದಾ ಹೋಗೋದು ಬಿಟ್ಟು ಯಾಕೆ ಮೇಲಕ್ಕೆ ಬಾಗಿದೆ ಅಂತ ಕೇಳಿದ್ರು. ಮನೇಲಿದ್ದ ಕಿತ್ತಳೆ ಮೇಲೆ ಎರಡು ಚುಕ್ಕೆ ಇಟ್ಟು ದಾರ ಬಿಗಿಯಾಗಿ ಎಳೆದು ತೋರ್ಸಿದೆ, ದುಂಡಗಿರೋದ್ರ ಮೇಲೆ ಅದೇ ಹತ್ರದ ದಾರಿ, ಚಪ್ಪಟೆ ಮ್ಯಾಪಲ್ಲಿ ಬಾಗಿ ಕಾಣತ್ತೆ ಅಂತ. ಈಗ ಮನೆಗೆ ಯಾರು ಬಂದ್ರೂ ಅವರೇ ಕಿತ್ತಳೆ ಹುಡುಕ್ತಾರೆ. ಮೊಮ್ಮಗಳು ಹೊರಟ ದಿನವಂತೂ ಫೋನ್ ನನ್ನ ಕೈಗೆ ಸಿಗಲ್ಲ.

ಮೂರು ಸ್ಟಾರ್, ಅದ್ರಲ್ಲಿ ಎರಡು ಆ ಗೆರೆಗೆ. ದುಡ್ಡು ಕೊಟ್ಟು ತಗೋಬೇಡಿ, ಜಾಹೀರಾತು ಹೋಗತ್ತೆ ಅಷ್ಟೇ, ಟೈಮ್ ಅದೇ ಒಂಬತ್ತು ಗಂಟೆ.