ಹಳೇ ಗೇಮ್‌ಗಳನ್ನು ವಿಆರ್ ಹೆಡ್‌ಸೆಟ್‌ನಲ್ಲಿ ಆಡಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

ಮಾನಿಟರ್‌ಗೆಂದು ಮಾಡಿದ ಹಳೇ ಗೇಮ್‌ಗಳನ್ನು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆಯ ಒಳಗೆ ತೋರಿಸುವ ತಂತ್ರಾಂಶಗಳು ಈಗ ಸುಲಭವಾಗಿ ಸಿಗುತ್ತವೆ. ಗೇಮ್ ಶುರುವಾಗುತ್ತಿದ್ದಂತೆ ಅದರೊಳಗೆ ನುಸುಳಿ, ಒಂದೇ ಚಿತ್ರವನ್ನು ಎರಡು ಕಣ್ಣಿಗೆ ಎರಡಾಗಿ ಮಾಡಿ, ತಲೆಯ ಚಲನೆಯನ್ನು ಮೌಸ್ ಚಲನೆಯೆಂದು ಗೇಮನ್ನು ನಂಬಿಸುತ್ತವೆ. ‘ಆನ್ ಮಾಡಿದರೆ ಸಾಕು, ಆಡಬಹುದು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನಾನು ಹಾಕಿದ್ದು ಬಂದೂಕು ಹಿಡಿದು ಓಡುವ ಹಳೇ ಗೇಮ್. ಶುರುವಿನಲ್ಲಿ ಮೈ ಜುಮ್ಮೆಂದಿದ್ದು ನಿಜ. ವರ್ಷಗಟ್ಟಲೆ ಪರದೆಯಲ್ಲಿ ನೋಡಿದ್ದ ಕಾರಿಡಾರ್ ನನ್ನ ಸುತ್ತಲೇ ಇತ್ತು. ಓಡತೊಡಗಿದ ಮೇಲೆ ಹೆಜ್ಜೆಹೆಜ್ಜೆಗೂ ನೋಟ ಮೇಲೆ ಕೆಳಗೆ ಕುಲುಕಾಡಿತು. ಅಷ್ಟರಲ್ಲಿ ಕಟ್‌ಸೀನ್ (ಕಥೆ ಹೇಳಲು ತಾನಾಗಿ ಓಡುವ ದೃಶ್ಯ) ಬಂತು. ಕ್ಯಾಮೆರಾ ನನ್ನ ಹಿಡಿತ ಬಿಟ್ಟು ಗಿರ್ರನೆ ಹಿಂದಕ್ಕೆ ತಿರುಗಿತು. ನನ್ನ ಕತ್ತು ಇದ್ದಲ್ಲೇ ಇದೆ, ಎದುರಿನ ಕೋಣೆ ಪೂರ್ತಿ ತಿರುಗಿಹೋಗಿದೆ! ಹಣೆಯಲ್ಲಿ ತಣ್ಣನೆ ಬೆವರು, ಬಾಯಿ ತುಂಬ ನೀರು, ಹೊಟ್ಟೆ ತೊಳಸು. ಹೆಡ್‌ಸೆಟ್ ಕಿತ್ತಿಟ್ಟು ಗೋಡೆ ಹಿಡಿದು ಕೂತೆ. ಮಲಗುವವರೆಗೂ ತಲೆ ತೂಗಾಡುತ್ತಲೇ ಇತ್ತು.

ಕಣ್ಣು ‘ತಿರುಗುತ್ತಿದ್ದೀಯ’ ಅನ್ನುತ್ತದೆ, ಒಳಗಿವಿ ‘ಇಲ್ಲ’ ಅನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ. ವಿಆರ್‌ಗೆಂದೇ ಗೇಮ್ ಮಾಡುವವರು ಸಾಮಾನ್ಯವಾಗಿ ಕ್ಯಾಮೆರಾವನ್ನು ಆಟಗಾರನ ತಲೆಗೇ ಬಿಟ್ಟುಕೊಡುತ್ತಾರೆ. ಹಳೇ ಗೇಮ್ ಮಾಡಿದವರಿಗೆ ಆ ಯೋಚನೆ ಬರಲು ಕಾರಣವೇ ಇರಲಿಲ್ಲ. ಜೊತೆಗೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಕಾಟ. 90 ಹರ್ಟ್ಸ್, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸುವ ಹೆಡ್‌ಸೆಟ್‌ಗೆ ಸುಮಾರು 11 ಮಿಲಿಸೆಕೆಂಡಿಗೊಂದು ಹೊಸ ಚಿತ್ರ ಬೇಕು. ಎಷ್ಟೋ ಹಳೇ ಗೇಮ್‌ಗಳು ಸೆಕೆಂಡಿಗೆ 30 ಚಿತ್ರಕ್ಕೋ 60 ಚಿತ್ರಕ್ಕೋ ಕಟ್ಟುಬಿದ್ದಿವೆ. 2011ರ ಸ್ಕೈರಿಮ್‌ನಲ್ಲಿ 60 ದಾಟಿಸಿದರೆ ಭೌತಿಕ ಲೆಕ್ಕಾಚಾರವೇ ತಪ್ಪಿ ಮೇಜಿನ ಮೇಲಿನ ಸಾಮಾನು ಹಾರಾಡತೊಡಗುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಇದು ಸರಿಹೋಗುವುದಿಲ್ಲ.

ಇನ್ನೊಂದು ಅಪಾಯ ದೇಹಕ್ಕಲ್ಲ, ಖಾತೆಗೆ. ಇಂಥ ತಂತ್ರಾಂಶ ಗೇಮ್ ಒಳಗೆ ತನ್ನ ಡಿಎಲ್ಎಲ್ ಫೈಲ್ (ಬೇರೆ ತಂತ್ರಾಂಶದೊಳಗೆ ಸೇರಿ ಓಡುವ ಕೋಡ್) ತೂರಿಸುತ್ತದೆ. ಆಟದಲ್ಲಿ ಮೋಸ ಮಾಡುವ ತಂತ್ರಾಂಶಗಳೂ ಮಾಡುವುದು ಅದನ್ನೇ, ಹಾಗಾಗಿ ಆಂಟಿ-ಚೀಟ್ (ಮೋಸ ಪತ್ತೆಹಚ್ಚುವ ವ್ಯವಸ್ಥೆ) ಇರುವ ಆನ್‌ಲೈನ್ ಗೇಮ್‌ಗೆ ಇದನ್ನು ಖಂಡಿತ ಹಾಕಬೇಡಿ. ಗೇಮ್ ಮಾರುವ ತಾಣ ಸ್ಟೀಮ್‌ನ ಆಂಟಿ-ಚೀಟ್ ಆದ ವ್ಯಾಕ್‌ನಿಂದ ನಿಷೇಧ ಬಿದ್ದರೆ ಅದು ಶಾಶ್ವತ. ಅಂಥ ಗೇಮ್‌ಗಳನ್ನು ಮಾನಿಟರ್‌ನಲ್ಲೇ ಆಡಿ.

ಆಸೆ ಬಿಡಲಾಗದಿದ್ದರೆ ಬೇರೆ ದಾರಿಗಳಿವೆ. ಹೆಡ್‌ಸೆಟ್ ಒಳಗೇ ಸಿನಿಮಾ ಪರದೆಯಂಥ ದೊಡ್ಡ ಪರದೆ ತೆರೆದು ಅದರ ಮೇಲೆ ಗೇಮ್ ಆಡಬಹುದು. ನೋಟ ಪರದೆಯೊಳಗೆ ಎಷ್ಟು ತಿರುಗಿದರೂ ಸುತ್ತಲಿನ ಕೋಣೆ ಅಲ್ಲಾಡುವುದಿಲ್ಲ, ಹೊಟ್ಟೆಯೂ ಸುಮ್ಮನಿರುತ್ತದೆ. ನಾನೀಗ ಹೆಚ್ಚಾಗಿ ಆಡುವುದು ಹೀಗೇ. ಇಲ್ಲವೇ ಅಭಿಮಾನಿಗಳು ವಿಆರ್‌ಗಾಗಿ ಶ್ರಮಪಟ್ಟು ಹೊಂದಿಸಿದ ಗೇಮ್‌ಗಳನ್ನು ಆರಿಸಿ. ಕ್ವೇಕ್‌ನ ಮೂಲ ಕೋಡ್ 1999ರಲ್ಲಿ, ಡೂಮ್ 3ರದು 2011ರಲ್ಲಿ ಮುಕ್ತವಾದ್ದರಿಂದ ಅವುಗಳ ಒಳ್ಳೆಯ ವಿಆರ್ ರೂಪಗಳಿವೆ. 2022ರಲ್ಲಿ ಬಂದ ಹಾಫ್-ಲೈಫ್ 2 ವಿಆರ್ ಮಾಡ್ (ಅಭಿಮಾನಿಗಳು ಮಾಡಿದ ಮಾರ್ಪಾಡು) ಅಂತೂ ಆ ಗೇಮ್ ಇರುವವರಿಗೆ ಉಚಿತ. ಅದರಲ್ಲಿ ಬಂದೂಕು ನೋಟದ ನಡುವೆ ಅಂಟಿಕೊಂಡಿರದೆ ನಿಮ್ಮ ಕೈ ಜೊತೆ ಚಲಿಸುತ್ತದೆ.

ಯಾವುದನ್ನೇ ಆಡಿ, ಮೊದಲ ಬೆವರು ಕಂಡ ಕೂಡಲೇ ನಿಲ್ಲಿಸಿ. ‘ಇನ್ನು ಸ್ವಲ್ಪ ಆಡಿದರೆ ಅಭ್ಯಾಸವಾಗುತ್ತದೆ’ ಎಂದು ಹಟ ಹಿಡಿದರೆ ವಾಕರಿಕೆ ಗಂಟೆಗಟ್ಟಲೆ ಬಿಡದು. ಅದು ಪೂರ್ತಿ ಇಳಿಯುವವರೆಗೆ ಗಾಡಿ ಓಡಿಸಬೇಡಿ.