ರೈಲಿನಲ್ಲಿ ಫೋನು, ರಾತ್ರಿ ಲ್ಯಾಪ್‌ಟಾಪು: ಒಂದು ಕಾದಂಬರಿ, ಮೂರು ಸಾಫ್ಟ್‌ವೇರ್

ಬೆಳಗ್ಗೆ ತುಮಕೂರಿನಿಂದ ಯಶವಂತಪುರಕ್ಕೆ ರೈಲು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನನ್ನ ಕಾದಂಬರಿಯ ಮುಕ್ಕಾಲು ಪಾಲು ಹುಟ್ಟಿದ್ದು ಈ ದಾರಿಯಲ್ಲಿ, ಫೋನಿನ ಮೇಲೆ, ಹೆಬ್ಬೆರಳಿನಿಂದ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಹೊಸದಾಗಿ ಬರೆಯುವ ತ್ರಾಣ ಇರುವುದಿಲ್ಲ. ಬರೆದದ್ದನ್ನು ಕಡಿಯುವುದು, ಹಿಂದುಮುಂದು ಮಾಡುವುದು, ಜೋಡಿಸುವುದು ಅಷ್ಟೇ ಆಗುತ್ತದೆ. ಹಾಗಾಗಿ ನನಗೆ ಬೇಕಿದ್ದುದು ಇಷ್ಟು: ಬೆಳಗ್ಗೆ ಹಿರೇಹಳ್ಳಿ ದಾಟುವಾಗ ಬರೆದ ಸಾಲು ರಾತ್ರಿ ಲ್ಯಾಪ್‌ಟಾಪಿನಲ್ಲಿ, ಅದರದೇ ಜಾಗದಲ್ಲಿ, ಒಂದಕ್ಷರವೂ ಕೆಡದೆ ಕೂತಿರಬೇಕು. ಎರಡು ವರ್ಷ ಗೂಗಲ್ ಡಾಕ್ಸ್, ಸ್ಕ್ರಿವನರ್, ಅಬ್ಸಿಡಿಯನ್ ಮೂರನ್ನೂ ಒಂದೇ ಕಾದಂಬರಿಗೆ ಬಳಸಿ ನೋಡಿದೆ. ನನ್ನದು ಆಂಡ್ರಾಯ್ಡ್ ಫೋನು, ವಿಂಡೋಸ್ ಲ್ಯಾಪ್‌ಟಾಪು. ಇದನ್ನು ಮೊದಲೇ ಹೇಳಿಬಿಡಬೇಕು, ಐಫೋನ್ ಇದ್ದವರ ಲೆಕ್ಕವೇ ಬೇರೆ.

ಗೂಗಲ್ ಡಾಕ್ಸ್‌ನಿಂದ ಶುರು ಮಾಡಿದೆ. ದುಡ್ಡಿಲ್ಲ, ಕಲಿಯುವುದೂ ಏನಿಲ್ಲ. ಉಳಿಸು ಎಂದು ಒತ್ತುವ ಕೆಲಸವೂ ಇಲ್ಲ, ಬರೆದದ್ದು ತಾನಾಗಿ ಉಳಿಯುತ್ತದೆ. ಮೂರು ದಿನದ ಹಿಂದೆ ಅಳಿಸಿದ ಪ್ಯಾರಾ ಬೇಕೆಂದರೆ ಆವೃತ್ತಿ ಇತಿಹಾಸದಲ್ಲಿ ಸಿಗುತ್ತದೆ. ರೈಲಿನ ದಾರಿಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವುದರಿಂದ ಕಡತವನ್ನು ಆಫ್‌ಲೈನ್‌ಗೆ ಹಾಕಿಟ್ಟುಕೊಳ್ಳುವುದನ್ನು ಮಾತ್ರ ಮರೆಯಬಾರದು. ಅಕ್ಕನಿಗೆ ಕರಡು ಕಳಿಸಿ, ಅವಳು ಅಂಚಿನಲ್ಲಿ ಟಿಪ್ಪಣಿ ಹಾಕಿ, ನಾನು ಅಲ್ಲೇ ಉತ್ತರಿಸುವ ಸುಖ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗಲಿಲ್ಲ.

ತೊಡಕು ಬಂದದ್ದು ಕಾದಂಬರಿ ಬೆಳೆದ ಮೇಲೆ. ಡಾಕ್ಸ್‌ನ ಒಂದು ಕಡತಕ್ಕೆ 10.2 ಲಕ್ಷ ಕ್ಯಾರೆಕ್ಟರುಗಳ ಮಿತಿಯಿದೆ. ಅಷ್ಟು ಸಾಲದೇ ಅನ್ನಿಸಬಹುದು. ಆದರೆ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಪದ್ಧತಿಯಲ್ಲಿ, ಆರು ತುಂಡು: ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ಈ ಸ್ವರದ ಗುರುತು. ಕನ್ನಡಕ್ಕೆ ಮಿತಿ ಕಾಣುವುದಕ್ಕಿಂತ ಬೇಗ ಹತ್ತಿರವಾಗುತ್ತದೆ. ಮಿತಿ ಮುಟ್ಟುವ ಎಷ್ಟೋ ಮೊದಲೇ ನನ್ನ ಹಳೆಯ ಫೋನ್ ಏದುಸಿರು ಬಿಡತೊಡಗಿತು. ಹದಿನೆಂಟನೇ ಅಧ್ಯಾಯಕ್ಕೆ ಬೆರಳಲ್ಲಿ ಸರಿಸಿಕೊಂಡು ಹೋಗುವಷ್ಟರಲ್ಲಿ ಕ್ಯಾತ್ಸಂದ್ರ ದಾಟಿರುತ್ತಿತ್ತು. ಅಧ್ಯಾಯಕ್ಕೊಂದು ಕಡತ ಮಾಡಿದೆ. ಆಗ ಕಾದಂಬರಿ ಇಡಿಯಾಗಿ ಎಲ್ಲೂ ಕಾಣದಂತಾಯಿತು. ಈಗ ಒಂದೇ ಕಡತದೊಳಗೆ ಟ್ಯಾಬ್ ಮಾಡಬಹುದು, 2024ರಲ್ಲಿ ಬಂದ ಸೌಲಭ್ಯ. ಅಧ್ಯಾಯ ಹುಡುಕುವುದಕ್ಕೆ ಅನುಕೂಲ, ಆದರೆ ಕಡತದ ಭಾರ ಅಷ್ಟೇ ಇರುತ್ತದೆ.

ಸ್ಕ್ರಿವನರ್ ಕಾದಂಬರಿಗೆಂದೇ ಹುಟ್ಟಿದ್ದು. ಮ್ಯಾಕ್‌ಗೆ 2007ರಲ್ಲಿ, ವಿಂಡೋಸ್‌ಗೆ 2011ರಲ್ಲಿ, ಐಫೋನ್‌ಗೆ 2016ರಲ್ಲಿ ಬಂತು. ಲ್ಯಾಪ್‌ಟಾಪಿನಲ್ಲಿ ಕೂತು ಕಟ್ಟುವ ಕೆಲಸಕ್ಕೆ ಇದರ ಸರಿಸಮ ಮತ್ತೊಂದಿಲ್ಲ ಎಂದು ಎರಡು ಮಾತಿಲ್ಲದೆ ಹೇಳುತ್ತೇನೆ. ಎಡಕ್ಕೆ ದೃಶ್ಯಗಳ ಪಟ್ಟಿ. ಬೇಕೆಂದಾಗ ಅವೇ ದೃಶ್ಯಗಳು ಬೋರ್ಡಿಗೆ ಚುಚ್ಚಿದ ಚೀಟಿಗಳ ಹಾಗೆ ಹರಡಿಕೊಳ್ಳುತ್ತವೆ. ಅಜ್ಜಿ ಸಾಯುವ ದೃಶ್ಯ ನನ್ನಲ್ಲಿ ಏಳನೇ ಅಧ್ಯಾಯದಲ್ಲಿತ್ತು. ಚೀಟಿಗಳನ್ನು ನೋಡುತ್ತಾ ಕೂತ ಒಂದು ರಾತ್ರಿ ಅದನ್ನು ಎಳೆದು ಎರಡನೆಯದಕ್ಕೆ ಹಾಕಿದೆ, ಅದಾದ ಮೇಲೆ ಕಾದಂಬರಿ ಉಸಿರಾಡತೊಡಗಿತು. ಒಂದು ವರ್ಷ ಡಾಕ್ಸ್‌ನಲ್ಲಿ ಬರೆದರೂ ನನಗೆ ಅದು ಕಂಡಿರಲಿಲ್ಲ.

ಆದರೆ ಆಂಡ್ರಾಯ್ಡ್‌ಗೆ ಸ್ಕ್ರಿವನರ್ ಇಲ್ಲ. ಐಫೋನಿನವರು ಕಡತಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸ್ ಮೂಲಕ ಎರಡೂ ಕಡೆ ಅದನ್ನೇ ಬಳಸಬಹುದು. ಒಂದು ಕಡೆ ಮುಚ್ಚಿ, ಸಿಂಕ್ (ಎರಡೂ ಕಡೆಯ ಕಡತ ಒಂದೇ ಆಗುವುದು) ಮುಗಿದ ಮೇಲೆಯೇ ಇನ್ನೊಂದು ಕಡೆ ತೆರೆಯುವ ಶಿಸ್ತು ಬೇಕು. ಆಂಡ್ರಾಯ್ಡ್‌ನವರಿಗೆ ಉಳಿದ ದಾರಿ ಹೊರಗಿನ ಫೋಲ್ಡರಿನೊಂದಿಗೆ ಸಿಂಕ್ ಮಾಡುವುದು. ಸ್ಕ್ರಿವನರ್ ಪ್ರತಿ ದೃಶ್ಯವನ್ನೂ ಒಂದೊಂದು ಪಠ್ಯ ಕಡತವಾಗಿ ಆ ಫೋಲ್ಡರಿಗೆ ಹಾಕುತ್ತದೆ, ಫೋನಿನಲ್ಲಿ ಯಾವುದಾದರೂ ಎಡಿಟರ್‌ನಲ್ಲಿ ತಿದ್ದಬಹುದು, ರಾತ್ರಿ ಅದು ಮತ್ತೆ ಒಳಗೆಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ಹೀಗೆ ನಡೆಸಿದೆ. ಒಂದು ದಿನ ಆತುರದಲ್ಲಿ ಒಂದೇ ದೃಶ್ಯವನ್ನು ಎರಡೂ ಕಡೆ ತಿದ್ದಿಬಿಟ್ಟೆ. ಸಿಂಕ್‌ಗೆ ಮುಂಚೆ ಸ್ನ್ಯಾಪ್‌ಶಾಟ್, ಅಂದರೆ ಆಗಿದ್ದ ಹಾಗೇ ಒಂದು ಪ್ರತಿ, ತೆಗೆದಿಡುವ ಆಯ್ಕೆ ಹಾಕಿದ್ದೆನಾದ್ದರಿಂದ ಲ್ಯಾಪ್‌ಟಾಪಿನ ತಿದ್ದುಪಡಿ ಉಳಿಯಿತು. ಈ ದಾರಿ ಹಿಡಿಯುವವರು ಆ ಆಯ್ಕೆಯನ್ನು ದಯವಿಟ್ಟು ಬಿಡಬೇಡಿ.

ಪದಗಳ ಗುರಿಯ ವಿಚಾರ ಒಂದು ಮಾತು. ಒಂದೇ ತಿಂಗಳಲ್ಲಿ ಕಾದಂಬರಿ ಬರೆಯುವ ಸವಾಲುಗಳಲ್ಲಿ ಕೇಳಿಬರುವ, ತಿಂಗಳಿಗೆ 50,000 ಪದ ಎಂಬ ಲೆಕ್ಕ ಇಂಗ್ಲಿಷ್‌ನದು. 'ಬರೆಯಬೇಕಾಗಿತ್ತಲ್ಲವೇ' ನಮಗೆ ಒಂದೇ ಪದ. ಆ ಅಂಕಿ ನೋಡಿ ಕೊರಗುವುದು ಬೇಡ. ನಾನು ದಿನಕ್ಕೆ 250 ಇಟ್ಟುಕೊಂಡಿದ್ದೇನೆ.

ಇನ್ನು ಹೋಲಿಕೆಯ ಲೇಖನಗಳಲ್ಲಿ ನಾನು ಎಲ್ಲೂ ಓದದ, ನನ್ನ ತೀರ್ಮಾನವನ್ನೇ ಬದಲಿಸಿದ ವಿಷಯ. ನನ್ನ ಕಾದಂಬರಿಯಲ್ಲೊಬ್ಬ ಹೆಡ್‌ಮಾಸ್ತರು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ 'ಹೆಡ್' ಆದ ಮೇಲೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತು ಹಾಕುವುದು ನನಗೆ ರೂಢಿ. ಅದಿದ್ದರೆ 'ಡ್' ಬಿಡಿಯಾಗಿ ನಿಲ್ಲುತ್ತದೆ. ಫೋನಿನ ಆತುರದಲ್ಲಿ ಅದನ್ನು ಹಾಕುತ್ತಿರಲಿಲ್ಲ, 'ಮ' ಹೋಗಿ 'ಡ'ಕ್ಕೆ ಒತ್ತಾಗಿ 'ಹೆಡ್ಮಾಸ್ತರು' ಆಗುತ್ತಿತ್ತು. ಓದುವವರಿಗೆ ಇಬ್ಬರೂ ಒಬ್ಬರೇ, ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ. ಅವರನ್ನು 'ಹೆಡ್‌ಮೇಷ್ಟ್ರು' ಮಾಡೋಣವೆಂದು ಹುಡುಕಿ ಬದಲಿಸಿದರೆ ಲ್ಯಾಪ್‌ಟಾಪಿನಲ್ಲಿ ಬರೆದ ಮೇಷ್ಟ್ರು ಮಾತ್ರ ಬದಲಾದರು, ರೈಲಿನಲ್ಲಿ ಹುಟ್ಟಿದವರು ಮಾಸ್ತರರಾಗಿಯೇ ಉಳಿದರು. ಒಬ್ಬನೇ ಮನುಷ್ಯ ಅಧ್ಯಾಯಕ್ಕೊಂದು ಹೆಸರಿನಲ್ಲಿ ಓಡಾಡುತ್ತಿದ್ದುದನ್ನು ಕಂಡು ಹಿಡಿದವಳು ಅಕ್ಕ.

ಈಗ ನಾನಿರುವುದು ಅಬ್ಸಿಡಿಯನ್‌ನಲ್ಲಿ. ಇದು ಮೂಲತಃ ಟಿಪ್ಪಣಿ ಬರೆಯುವ ಉಚಿತ ಸಾಫ್ಟ್‌ವೇರ್. ಫೋನು, ಲ್ಯಾಪ್‌ಟಾಪು ಎರಡಕ್ಕೂ ಇದೆ. ಬರೆದದ್ದೆಲ್ಲ ನಮ್ಮದೇ ಫೋಲ್ಡರಿನಲ್ಲಿ ಸಾದಾ ಪಠ್ಯ ಕಡತಗಳಾಗಿರುತ್ತದೆ. ದೃಶ್ಯಕ್ಕೊಂದು ಕಡತ. ಫೋನು ತೆರೆಯಬೇಕಾದ್ದು ಆ ಪುಟ್ಟ ಕಡತವನ್ನು ಮಾತ್ರ, ಹಳೆಯ ಫೋನಿಗೂ ಕಷ್ಟವಿಲ್ಲ. ಅದಕ್ಕೆ ಸೇರಿಸಿಕೊಳ್ಳಬಹುದಾದ ಲಾಂಗ್‌ಫಾರ್ಮ್ ಎಂಬ ಪ್ಲಗಿನ್ ದೃಶ್ಯಗಳನ್ನು ಕ್ರಮದಲ್ಲಿಟ್ಟು, ಕೊನೆಗೆ ಪೋಣಿಸಿ ಒಂದೇ ಹಸ್ತಪ್ರತಿ ಮಾಡಿಕೊಡುತ್ತದೆ. ಸ್ಕ್ರಿವನರ್‌ನ ಚೀಟಿ ಬೋರ್ಡಿನ ಸೊಗಸು ಇಲ್ಲಿಲ್ಲ, ಅದರ ಕೊರತೆ ಇವತ್ತಿಗೂ ಕಾಡುತ್ತದೆ. ಆದರೆ ಹೆಡ್‌ಮಾಸ್ತರ ಕತೆ ಇಲ್ಲಿ ಬಗೆಹರಿಯಿತು: ಕಡತಗಳು ಸಾದಾ ಪಠ್ಯವಾದ್ದರಿಂದ ಇಡೀ ಫೋಲ್ಡರನ್ನು ಪ್ರೋಗ್ರಾಮ್ ಬರೆಯುವವರು ಬಳಸುವ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ತೆರೆದು, ಕಾಣದ ಗುರುತು ಇದ್ದರೂ ಇಲ್ಲದಿದ್ದರೂ ಹಿಡಿಯುವ ಹಾಗೆ ಹುಡುಕಿ, ಎಲ್ಲ ಕಡೆಯೂ ಒಟ್ಟಿಗೆ ಬದಲಿಸಿದೆ.

ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳಲು ಅಬ್ಸಿಡಿಯನ್‌ನ ಸಿಂಕ್ ಸೇವೆಗೆ ದುಡ್ಡು ಕೊಡಬೇಕು. ನಾನು ಉಚಿತವಾದ ಸಿಂಕ್‌ಥಿಂಗ್ ಬಳಸುತ್ತೇನೆ. ಅದರ ಮೂಲ ಆಂಡ್ರಾಯ್ಡ್ ಆಪ್ 2024ರ ಕೊನೆಗೆ ನಿಂತುಹೋಯಿತು, ಈಗಿರುವುದು ಅದರ ಫೋರ್ಕ್, ಅಂದರೆ ಅದೇ ಕೋಡನ್ನು ಬೇರೆಯವರು ಮುಂದುವರಿಸಿದ್ದು. ನಡುವೆ ಸರ್ವರಿನಲ್ಲಿ ಕಡತ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಫೋನು, ಲ್ಯಾಪ್‌ಟಾಪು ಎರಡೂ ಒಟ್ಟಿಗೆ ಎಚ್ಚರವಿರಬೇಕು. ರಾತ್ರಿ ಮನೆಯ ವೈಫೈಗೆ ಬಂದ ಮೇಲೆ ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ. ಒಂದೇ ದೃಶ್ಯವನ್ನು ಎರಡೂ ಕಡೆ ತಿದ್ದಿದ್ದರೆ ಒಂದರ ಮೇಲೊಂದು ಬರೆಯದೆ, ಎರಡನೆಯದನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕಿಡುತ್ತದೆ. ಇದರ ಮೇಲೆ ನನಗೆ ತುಂಬ ನಂಬಿಕೆ.

ಯಾರಾದರೂ ಕೇಳಿದರೆ ಐಫೋನ್ ಇದ್ದವರಿಗೆ ಸ್ಕ್ರಿವನರ್ ಎನ್ನುತ್ತೇನೆ, ದುಡ್ಡು ಕೊಟ್ಟರೂ ನಷ್ಟವಿಲ್ಲ. ಮ್ಯಾಕ್, ವಿಂಡೋಸ್, ಐಫೋನ್ ಒಂದೊಂದಕ್ಕೂ ಬೇರೆ ಕೊಳ್ಳಬೇಕು, ಆದರೆ ತಿಂಗಳ ಚಂದಾ ಇಲ್ಲ. ಮೊದಲ ಕಾದಂಬರಿ, ಓದಿ ಹೇಳುವವರು ಜೊತೆಗಿದ್ದಾರೆ ಎನ್ನುವವರಿಗೆ ಡಾಕ್ಸ್. ನನ್ನ ಹಾಗೆ ಆಂಡ್ರಾಯ್ಡ್ ಹಿಡಿದು ರೈಲಿನಲ್ಲಿ ಬರೆಯುವವರಿಗೆ ಅಬ್ಸಿಡಿಯನ್.

ಮುದ್ರಣಕ್ಕೆ ಕೊಡುವಾಗ ಮತ್ತೊಂದು ಹೊಳೆ ದಾಟಬೇಕಿತ್ತು. ಪುಟವಿನ್ಯಾಸ ಮಾಡುವವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲೇ ಬೇಕೆಂದರು, ಫೋನಿನಿಂದ ಬಂದದ್ದೆಲ್ಲ ಯೂನಿಕೋಡ್. ಪರಿವರ್ತಕದಲ್ಲಿ ಹಾಕಿ ಕಳಿಸಿದೆ. ಪ್ರೂಫ್ ಬಂದಾಗ ಮೊದಲು ಹುಡುಕಿದ್ದು ಮೇಷ್ಟ್ರನ್ನೇ. ಐದು ಕಡೆ ಒತ್ತಕ್ಷರ ಕೆಟ್ಟಿತ್ತು, ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ವಾಪಸ್ಸು ಕಳಿಸಿದೆ.